ಪ್ರತಿಕಾರ ಬೆಳೆದಿದೆಯಂತೆ

ಜೇಲಿಗೆ ಹೋದ ಮೇಲೆ ನನ್ನ ಗಂಡ ನಕ್ಕದ್ದನ್ನು ನಾನು ನೋಡಿದ್ದು ಒಂದೇ ಸಲ. ಸೋಲಾಪುರದ ಜೇಲಿನಲ್ಲಿ ಭೇಟಿಗೆ ಮುಲಾಕತ್ ಅನ್ನುತ್ತಾರೆ. ಮುಲಾಕತ್ತಿನ ಕೋಣೆಯಲ್ಲಿ ಎರಡು ಕಬ್ಬಿಣದ ಜಾಳಿಗೆ. ಆಚೆಯ ಜಾಳಿಗೆಗೆ ಅಂಟಿಕೊಂಡು ಅವರು ನಿಲ್ಲಬೇಕು, ಈಚೆಯದಕ್ಕೆ ಅಂಟಿಕೊಂಡು ನಾವು. ನಡುವೆ ಒಂದು ಎಮ್ಮೆ ಅಡ್ಡ ನಿಲ್ಲುವಷ್ಟು ಜಾಗ. ಎಲ್ಲರಿಗೂ ಒಂದೇ ಹೊತ್ತು ಕೊಟ್ಟಿರುವುದರಿಂದ ಎಲ್ಲರೂ ಒಟ್ಟಿಗೇ ಕೂಗುತ್ತಾರೆ, ಮರಾಠಿ, ತೆಲುಗು, ಉರ್ದು, ನಮ್ಮ ಕನ್ನಡ. ಸಂತೆಯಲ್ಲಾದರೂ ಅಷ್ಟು ಗದ್ದಲ ಇರುವುದಿಲ್ಲ. ಆವತ್ತು ಅವರು ಜಾಳಿಗೆಗೆ ಮೂಗು ಒತ್ತಿ, "ಪ್ರತಿಕಾರ ಬೆಳದದಂತ" ಎಂದು ಕೂಗಿದರು. ಕೂಗಿ, ಹಲ್ಲು ಕಾಣುವ ಹಾಗೆ ನಕ್ಕರು.

ನಾನೂ ನಕ್ಕೆ. ಒಳ್ಳೆಯ ಸುದ್ದಿ ಅಂದುಕೊಂಡೆ.

ಆ ಮಾತಿನ ಅರ್ಥ ಹೇಳುವ ಮೊದಲು ನಾವು ಯಾರು ಅಂತ ಹೇಳಬೇಕು. ನನ್ನ ತವರು ಅಕ್ಕಲಕೋಟದ ಹತ್ತಿರದ ಮೈಂದರ್ಗಿ, ಮರಾಠಿ ಸೀಮೆಯ ಕನ್ನಡ ಊರು. ಅಲ್ಲಿ ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದೆ. ನನಗಿಂತ ಚಿಕ್ಕವರೆಲ್ಲ ಮರಾಠಿ ಶಾಲೆಗೆ ಹೋದರು. ಈಗ ಅವರು ಕನ್ನಡ ಮಾತಾಡುತ್ತಾರೆ, ಓದು ಅಂದರೆ ನನ್ನ ಮುಂದೆ ತಂದು ಹಿಡಿಯುತ್ತಾರೆ. ನನ್ನನ್ನು ಕೊಟ್ಟದ್ದು ಹನ್ನೂರಿಗೆ, ಕುರಿ ಸಾಕುವ ಮನೆಗೆ. ಗಂಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮರಾಠಿ ಕೂಡ ಸಂತೆಯಲ್ಲಿ ವ್ಯವಹಾರ ಮಾಡುವಷ್ಟು, ಬೈದರೆ ತಿರುಗಿ ಬೈಯುವಷ್ಟು ಬರುತ್ತಿತ್ತು. ಕುರಿಗಳಿಗೆ ಅದೂ ಬೇಕಾಗಿರಲಿಲ್ಲ.

ನಮ್ಮಿಬ್ಬರಿಗೂ ಎಚ್‌ಐವಿ ಇದೆ. ಯಾರಿಂದ ಯಾರಿಗೆ ಬಂತು ಅಂತ ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಕೇಳಿಕೊಂಡು ಏನು ಮಾಡುತ್ತಾರೆ, ಹಾರ ಹಾಕುತ್ತಾರೆಯೇ. ಸೋಲಾಪುರದ ದವಾಖಾನೆಯೊಂದರಲ್ಲಿ ಇಬ್ಬರ ಹೆಸರನ್ನೂ ಒಂದೇ ದಿನ ಬರೆಸಿದ್ದೆವು. ಊಟವಾದ ಮೇಲೆ ದಿನಾ ಒಂದು ಗುಳಿಗೆ. ಅಷ್ಟೇ. ಬಿಡದೆ ತೆಗೆದುಕೊಂಡರೆ ಮನುಷ್ಯ ದುಡಿದುಕೊಂಡು, ಉಂಡುಕೊಂಡು ಇರುತ್ತಾನೆ. ನಾವೂ ಹಾಗೇ ಇದ್ದೆವು. ಊರಿನಲ್ಲಿ ಅತ್ತೆಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಜಗಳವಾಯಿತು. ನಮ್ಮ ಕುರಿ ಒಬ್ಬರ ಹೊಲಕ್ಕೆ ಬಿದ್ದವು, ಮಾತಿಗೆ ಮಾತು ಬೆಳೆಯಿತು, ಕೋಲು ಎದ್ದವು, ಆ ಕಡೆಯ ಒಬ್ಬ ಮನುಷ್ಯ ಪೆಟ್ಟು ತಿಂದು ಸತ್ತ. ಹೊಡೆದವರು ಯಾರೆಂದು ನಾನು ನೋಡಿಲ್ಲ, ನಾನಲ್ಲಿ ಇರಲಿಲ್ಲ. ತಾನಲ್ಲ ಎಂದು ಇವರು ಹೇಳುತ್ತಾರೆ. ಸತ್ತವನ ಹೆಂಡತಿಯನ್ನು ಅಕ್ಕಲಕೋಟದ ಕೋರ್ಟಿನ ಹೊರಗೆ ಒಮ್ಮೆ ನೋಡಿದೆ. ಬೇವಿನ ಗಿಡದ ಕೆಳಗೆ ನನ್ನ ಹಾಗೇ ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತಿದ್ದಳು. ನಾನು ಬೇರೆ ಗಿಡದ ಕೆಳಗೆ ಹೋಗಿ ಕೂತೆ. ಖಟ್ಲೆ ಇನ್ನೂ ಮುಗಿದಿಲ್ಲ.

ಇವರನ್ನು ಹಿಡಿದುಕೊಂಡು ಹೋದ ದಿನ ಗುಳಿಗೆಯ ಡಬ್ಬಿ ಮನೆಯಲ್ಲೇ ಉಳಿಯಿತು. ತನಗೆ ಹೀಗೆ ಇದೆ ಎಂದು ಇವರು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಿಟ್ಟರೆ ಒಳಗಿನ ಮಂದಿ ಹಾಸಿಗೆ ದೂರ ಹಾಕುತ್ತಾರೆ, ತಾಟು ಬೇರೆ ಮಾಡುತ್ತಾರೆ ಎಂಬ ಭಯ. ಜೇಲಿನಲ್ಲಿ ರಕ್ತ ತಪಾಸಣೆ ಆದಾಗ ತಾನಾಗಿಯೇ ಗೊತ್ತಾಗಿ ಗುಳಿಗೆ ಮತ್ತೆ ಶುರುವಾಯಿತು. ಆದರೆ ಗುಳಿಗೆಗೆ ಒಳಗಿನ ದವಾಖಾನೆಯ ಮುಂದೆ ಹೋಗಿ ನಿಲ್ಲಬೇಕು, ನಿಂತರೆ ನೋಡುವವರು ನೋಡುತ್ತಾರೆ. ಯಾರಾದರೂ ಕಣ್ಣಿಟ್ಟಿದ್ದಾರೆ ಅನ್ನಿಸಿದ ದಿನ ಇವರು ಹೋಗುತ್ತಲೇ ಇರಲಿಲ್ಲ. ಕೋರ್ಟಿನ ತಾರೀಖು ಇದ್ದ ದಿನ ಬೆಳಿಗ್ಗೆಯೇ ಗಾಡಿ ಹತ್ತಬೇಕು, ಆವತ್ತೂ ಗುಳಿಗೆ ಕೇಳುತ್ತಿರಲಿಲ್ಲ. ಹೀಗೆ ತಪ್ಪಿಸುತ್ತಿದ್ದದ್ದು ನನಗೆ ಬಹಳ ದಿನ ತಿಳಿಯಲಿಲ್ಲ.

ನಾನು ಸೋಲಾಪುರದಲ್ಲಿ ಒಂದು ಖೋಲಿ ಹಿಡಿದೆ. ಊರ ಹೊರಗೆ ಕಾರ್ಖಾನೆಗಳೇ ಇರುವ ಚಿಂಚೋಳಿ ಎಂಐಡಿಸಿಯಲ್ಲಿ ಒಂದು ಕಡೆ ಟವೆಲ್ ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬುವ ಕೆಲಸ ಸಿಕ್ಕಿತು. ಕೈಗೆ ಒಮ್ಮೆ ರೂಢಿಯಾದರೆ ಆ ಕೆಲಸಕ್ಕೆ ತಲೆ ಬೇಕಾಗುವುದಿಲ್ಲ. ನನಗೆ ಅದೇ ಬೇಕಾಗಿತ್ತು. ಜೊತೆಯ ಹೆಂಗಸರು ನನ್ನನ್ನು ಕಲ್ಲು ಅನ್ನುತ್ತಿದ್ದರು. ಊಟದ ಹೊತ್ತಿಗೆ ಒಬ್ಬಳು, "ಏ ಕಲ್ಲ, ಬುತ್ತಿ ಬಿಚ್ಚ" ಅನ್ನುವಳು, ನಾನು ಬಿಚ್ಚುವೆನು. ಅಳು ಬರಬೇಕಿತ್ತು ಅಂತ ಗೊತ್ತಿತ್ತು, ಬರುತ್ತಿರಲಿಲ್ಲ. ನೂಲಿನ ಧೂಳಿಗೆ ಸೀನು ಬರುತ್ತಿತ್ತು, ಅಷ್ಟೇ.

ಮುಲಾಕತ್ತಿನಲ್ಲಿ ಗುಳಿಗೆಯ ವಿಚಾರ ಕೇಳುವುದು ಹೇಗೆ ಎನ್ನುವುದು ಮೊದಲ ದಿನವೇ ತೊಡಕಾಯಿತು. ಎಲ್ಲರೂ ಕೂಗುವ ಕೋಣೆಯಲ್ಲಿ ನಮ್ಮ ರೋಗವನ್ನು ಕೂಗಲು ಬರುತ್ತದೆಯೇ. ಆಗ ನನಗೆ ಹೊಳೆದದ್ದು ಕುರಿ.

"ಕುರೀಗಿ ಔಷಧ ಹಾಕ್ಯಾರೇನ್ರಿ?" ಎಂದು ಕೂಗಿದೆ.

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ, "ಹಾಕ್ಯಾರ, ಹಾಕ್ಯಾರ" ಅಂದರು.

ಅಲ್ಲಿಂದ ಅದೇ ರೂಢಿಯಾಯಿತು. ಕುರಿ ಮೇಯುತ್ತದೋ ಇಲ್ಲವೋ ಅಂದರೆ ಅವರು ಉಣ್ಣುತ್ತಾರೋ ಇಲ್ಲವೋ. ಕುರಿ ಉಚ್ಚಿಕೊಳ್ಳುತ್ತದೆ ಅಂದರೆ ಅವರಿಗೆ ಹೊಟ್ಟೆ ಕೆಟ್ಟಿದೆ. ಬಾಗಿಲ ಬಳಿ ನಿಲ್ಲುವ ಸಿಪಾಯಿಗೆ ಅಷ್ಟಿಷ್ಟು ಕನ್ನಡ ತಿಳಿಯುತ್ತಿತ್ತು. ಸೋಲಾಪುರದಲ್ಲಿ ಯಾರಿಗೆ ತಿಳಿಯುವುದಿಲ್ಲ. ನಿಮ್ಮವು ಎಂಥ ಕುರಿಗಳಮ್ಮಾ, ಯಾವಾಗ ನೋಡಿದರೂ ಔಷಧವೇ ಹಾಕುತ್ತೀರಿ ಅಂತ ಒಮ್ಮೆ ಮರಾಠಿಯಲ್ಲಿ ಕೇಳಿದ. ಹಿಂಡಿಗೆ ರೋಗ ಹತ್ತಿದೆ ಸಾಹೇಬ, ಅಂದೆ. ಪಾಪ, ಅವನು ಮರುಗಿದ. ನನಗೆ ಅದೂ ನಗು ತರಲಿಲ್ಲ.

ಈಗ ಆ ಮಾತು. ದವಾಖಾನೆಯಲ್ಲಿ ನಮ್ಮಂಥವರನ್ನು ಕೂರಿಸಿಕೊಂಡು ತಿಳಿಹೇಳಲು ಒಬ್ಬ ಮ್ಯಾಡಮ್ ಇದ್ದಾರೆ. ಮರಾಠಿಯವರು. ನನ್ನ ರಕ್ತದ ತಪಾಸಣೆ ಚೆನ್ನಾಗಿ ಬಂದಾಗಲೆಲ್ಲ, "ತುಮಚೀ ಪ್ರತಿಕಾರಶಕ್ತಿ ವಾಢಲೀ" ಅನ್ನುತ್ತಿದ್ದರು. ರೋಗವನ್ನು ಎದುರಿಸುವ ಶಕ್ತಿ ಬೆಳೆದಿದೆ ಅಂತ. ಮೊದಲ ಸಲ ಕೇಳಿ ನಾನು ಬೆಚ್ಚಿದ್ದೆ. ಮೈಂದರ್ಗಿಯ ಶಾಲೆಯಲ್ಲಿ ಪ್ರತಿಕಾರ ಅಂದರೆ ಸೇಡು ಎಂದು ಕಲಿತವಳು ನಾನು. ರಾಜರು ಒಬ್ಬರ ಮೇಲೊಬ್ಬರು ತೀರಿಸಿಕೊಳ್ಳುವಂಥದ್ದು. ಮರಾಠಿಯಲ್ಲಿ ಅದು ಎದುರು ನಿಲ್ಲುವುದು. ಆಮೇಲೆ ಕಿವಿಗೆ ರೂಢಿಯಾಯಿತು. ಪ್ರತಿಕಾರ ಬೆಳೆದರೆ ಬದುಕುತ್ತೇವೆ, ಇಳಿದರೆ ಸಾಯುತ್ತೇವೆ. ಮನೆಯಲ್ಲಿ ನಾವಿಬ್ಬರೂ ಆ ಮಾತನ್ನು ಹಾಗೇ ಆಡುತ್ತಿದ್ದೆವು.

ಅದಕ್ಕೇ ಆ ದಿನ ಜಾಳಿಗೆಯ ಆಚೆಯಿಂದ ಅವರು ಅದನ್ನು ಕೂಗಿದಾಗ ನನಗೆ ಅನುಮಾನವೇ ಬರಲಿಲ್ಲ. ಹಿಂದಿನ ವಾರ ಅವರನ್ನು ಪೊಲೀಸರ ಜೊತೆ ದವಾಖಾನೆಗೆ ಕರೆತಂದಿದ್ದರಂತೆ. ಮ್ಯಾಡಮ್ ಬಹಳ ಹೊತ್ತು ಮಾತಾಡಿದರಂತೆ. ಅದರಲ್ಲಿ ಇವರ ಕಿವಿಗೆ ನಿಂತದ್ದು ಅದೊಂದೇ ಮಾತು, "ಪ್ರತಿಕಾರ ವಾಢಲಾಯ".

ರಜೆಯ ದಿನ ಅಕ್ಕಲಕೋಟಕ್ಕೆ ಹೋಗಿ ಅಲ್ಲಿಂದ ಹನ್ನೂರಿನ ಬಸ್ಸು ಹಿಡಿದೆ. ಸುದ್ದಿ ಕೇಳಿ ಅತ್ತೆ ಕುರಿಹಟ್ಟಿಯ ಬಾಗಿಲಲ್ಲೇ ಕುಸಿದು ಕೂತಳು.

"ಬೀರೋಬಾ ಕೈ ಬಿಡಲಿಲ್ಲ ನೋಡವಾ," ಅಂದಳು. "ನಾ ಹೇಳಿದ್ದೆನಿಲ್ಲ?"

ಅವಳು ಹಾಗೇನೂ ಹೇಳಿರಲಿಲ್ಲ. ಮಗ ಒಳಗೇ ಸಾಯುತ್ತಾನೆ ಅಂತಲೇ ದಿನಾ ಅಳುತ್ತಿದ್ದಳು. ಆದರೂ ನಾನು "ಹೌದ್ರಿ ಅತ್ತಿ" ಅಂದೆ. ಗುಡಿಗೆ ಹೋಗಿ ನನ್ನ ಹಣೆಗೆ ಭಂಡಾರ ಬಡಿದಳು, ಮಗನಿಗೆ ಕೊಡು ಅಂತ ಕಾಗದದಲ್ಲಿ ಒಂದಿಷ್ಟು ಕಟ್ಟಿಕೊಟ್ಟಳು. ಜೇಲಿನೊಳಗೆ ಅರಿಶಿನದ ಪುಡಿ ಬಿಡುವುದಿಲ್ಲ ಅಂದರೆ ಅವಳಿಗೆ ಅರ್ಥವಾಗಲಿಲ್ಲ. ದೇವರದು ಯಾಕೆ ಬಿಡುವುದಿಲ್ಲ ಅಂತ ನನ್ನನ್ನೇ ಬೈದಳು. ಆವತ್ತು ಹಟ್ಟಿಯಲ್ಲಿ ಸುದ್ದಿ ಏನೆಂದು ಗೊತ್ತಿಲ್ಲದವರೂ ಹೊಟ್ಟೆ ತುಂಬ ಉಂಡರು. ನಾನೂ ಎರಡು ಜೋಳದ ಭಕ್ಕರಿ ಹೆಚ್ಚಿಗೆ ತಿಂದೆ.

ಅದಾದ ಮೇಲೆ ನನ್ನ ಗುಳಿಗೆಯ ತಾರೀಖು ಬಂತು. ದವಾಖಾನೆಗೆ ಹೋದೆ. ಮ್ಯಾಡಮ್ ನನ್ನ ಕಾಗದ ನೋಡಿ ಎಲ್ಲ ಸರಿ ಇದೆ ಅಂದರು. ನಾನು ಏಳುತ್ತಾ, ನಮ್ಮ ಮನೆಯವರದೂ ಪ್ರತಿಕಾರ ಬೆಳೆದಿದೆಯಂತಲ್ಲ, ಬಹಳ ಒಳ್ಳೆಯದಾಯಿತು ಅಂದೆ. ಮ್ಯಾಡಮ್ ಮತ್ತೆ ಕೂರಿ ಅಂದರು.

ಬೆಳೆದದ್ದು ಇವರ ಪ್ರತಿಕಾರ ಅಲ್ಲ. ರೋಗದ್ದು. ಗುಳಿಗೆ ದಿನಾ ಹೊಟ್ಟೆಗೆ ಬಿದ್ದರೆ ರೋಗದ ಹುಳ ತಲೆ ಎತ್ತುವುದಿಲ್ಲ. ಒಂದು ದಿನ ಇದ್ದು ಎರಡು ದಿನ ಇಲ್ಲದೆ ಹೋದರೆ ಅದು ಸಾಯುವುದೂ ಇಲ್ಲ, ಗುಳಿಗೆಯ ಪರಿಚಯವನ್ನೂ ಮಾಡಿಕೊಳ್ಳುತ್ತದೆ. ಹಾಗೆ ಪರಿಚಯವಾಗಿ ಆಗಿ ಈಗ ಗುಳಿಗೆಗೇ ಎದುರು ನಿಂತಿದೆ. ಎರಡು ಸಲ ತಪಾಸಣೆ ಮಾಡಿದ್ದಾರೆ, ಎರಡು ಸಲವೂ ರಕ್ತದಲ್ಲಿ ಹುಳ ಹೆಚ್ಚೇ ಬಂದಿದೆ. ಈ ಗುಳಿಗೆ ಇನ್ನು ಅವರಿಗೆ ಸಾಲುವುದಿಲ್ಲ. ಎರಡನೆಯ ಔಷಧಕ್ಕೆ ಹೋಗಬೇಕು, ಬೇಗ ಹೋಗಬೇಕು, ಇಲ್ಲದಿದ್ದರೆ ಉಳಿಯುವುದು ಕಷ್ಟ. ಇದನ್ನೆಲ್ಲ ಮ್ಯಾಡಮ್ ಇವರಿಗೆ ಬಿಡಿಸಿ ಬಿಡಿಸಿ ಹೇಳಿದ್ದರಂತೆ. ಇವರು ಪ್ರತಿಯೊಂದು ಮಾತಿಗೂ ಹೋ, ಹೋ ಅಂದಿದ್ದರಂತೆ, ಮರಾಠಿಯಲ್ಲಿ ಹೌದು, ಹೌದು ಅಂತ.

ಮ್ಯಾಡಮ್ಮನ ಮರಾಠಿಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಶಕ್ತಿಗೂ ರೋಗದ ಶಕ್ತಿಗೂ ಒಂದೇ ಮಾತು ಇಟ್ಟವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಚಿವುಟಿಕೊಂಡರೆ ಬೇರೆ ಯಾರದೋ ಕಾಲು ಚಿವುಟಿದಂತೆ ಇರುತ್ತದಲ್ಲ, ಹಾಗಿತ್ತು. ನಾನು ನನ್ನ ಗುಳಿಗೆಯ ಡಬ್ಬಿ ಚೀಲಕ್ಕೆ ಹಾಕಿಕೊಂಡೆ. ಹೊಸದು ಸಿಗುವವರೆಗೆ ಹಳೆಯ ಗುಳಿಗೆ ಬಿಡಬಾರದು ಅಂತ ಅವರಿಗೆ ಹೇಳಿ, ನಿಮ್ಮ ಭಾಷೆಯಲ್ಲಿ ಹೇಳಿ, ಅಂತ ಮ್ಯಾಡಮ್ ಬಾಗಿಲವರೆಗೂ ಬಂದರು. ಆಗಲಿ ಅಂತ ಹೇಳಿ ಅಲ್ಲಿಂದ ನೇರ ಕಾರ್ಖಾನೆಗೆ ಹೋಗಿ ಟವೆಲ್ ಮಡಚಿದೆ.

ಮುಂದಿನ ಮುಲಾಕತ್ತಿಗೆ ಜಾಳಿಗೆಯ ಮುಂದೆ ನಿಂತೆ. ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಮಗನಿಗೆ ಅವನ ಅಣ್ಣನ ಮದುವೆಯ ಸುದ್ದಿ ಕೂಗುತ್ತಿದ್ದಳು.

"ಕುರೀಗಿ ಔಷಧ ಹಾಕ್ಯಾರೇನ್ರಿ?" ಅಂದೆ.

"ಬಿಟ್ಟೀನಿ," ಅಂದರು ಇವರು, ಸಲೀಸಾಗಿ. "ಪ್ರತಿಕಾರ ಬೆಳದದಲ್ಲ, ಇನ್ಯಾಕ ಬೇಕು?"

ಅವರ ಮೈಯಲ್ಲಿ ಮಾಂಸ ಕಡಿಮೆಯಾಗಿತ್ತು. ಕೊರಳ ಎಲುಬು ಅಂಗಿಯ ಮೇಲೆ ಎದ್ದು ಕಾಣುತ್ತಿತ್ತು. ಇಷ್ಟು ದಿನ ಜಾಳಿಗೆಯೊಳಗಿಂದ ನನಗೆ ಕಂಡೇ ಇರಲಿಲ್ಲ.

"ಬೆಳದದ್ದು ಕುರೀದಲ್ರಿ, ಜಂತಿಂದು," ಅಂದೆ.

"ಏನು?"

"ಜಂತಿಂದು." ಪಕ್ಕದವಳ ಮದುವೆಯ ಗದ್ದಲದ ಮೇಲೆ ನನ್ನ ದನಿ ಏರಿಸಿದೆ. "ಆ ವರ್ಷ ಜಂತಿನ ಔಷಧ ಹಾಕಿದ್ರೂ ಕುರಿ ಉಚಗೊಂಡು ಸಾಯಾಕತ್ತಿದ್ವಲ್ಲ, ದನದ ಡಾಕ್ಟರ್ ಬಂದು ಏನಂದಿದ್ದ?"

ಅವರು ಯೋಚಿಸಿದರು. "ಔಷಧ ನಾಟವಲ್ದು ಅಂದಿದ್ದ."

"ಯಾಕ ನಾಟವಲ್ದು ಅಂದಿದ್ದ?"

"ಅರ್ಧಮರ್ಧ ಹಾಕಿದ್ದಕ್ಕ ಜಂತು ಗಟ್ಟಿ ಆಗ್ಯಾವಂತ..." ಅಷ್ಟು ಹೇಳಿ ನಿಲ್ಲಿಸಿದರು.

"ಹಂಗ ಆಗ್ಯಾದ," ಅಂದೆ.

ಮ್ಯಾಡಮ್ಮನ ಅಷ್ಟು ಹೊತ್ತಿನ ಮಾತು ಅವರಿಗೆ ಅಷ್ಟರಲ್ಲಿ ತಿಳಿಯಿತು. ಅವರ ಬೆರಳು ಜಾಳಿಗೆಯ ತಂತಿಯೊಳಗೆ ಸಿಕ್ಕಿಕೊಂಡಿದ್ದವು, ಹಾಗೇ ಇದ್ದವು. 

"ಹೊಸಾ ಔಷಧ ಅದ ಅಂತ್ರಿ," ಅಂತ ನಾನೇ ಮುಂದುವರಿಸಿದೆ. "ಅದು ನಾಟತದ ಅಂತ. ನಿಮ್ಮನ್ನ ಕರಕೊಂಡ ಬಂದಾಗ ಕೊಡ್ತಾರ. ಅಲ್ಲೀತನಕ ಹಳೀದ ಬಿಡಬ್ಯಾಡ್ರಿ."

"ಔಷಧ ನಾಟದ ಕುರಿ ನಾವ ಏನ್ ಮಾಡ್ತಿದ್ವಿ?" ಅಂದರು.

ನನಗೆ ಗೊತ್ತಿತ್ತು. ಹಿಂಡಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಇಟ್ಟುಕೊಂಡರೆ ಅದರ ಜಂತು ಹುಲ್ಲಿಗೆ ಬಿದ್ದು ಉಳಿದವಕ್ಕೂ ಹತ್ತುತ್ತದೆ ಅಂತ ಬೇಗ ಬೇಗ ಬೇರೆ ಮಾಡಿ ಕಟುಗನಿಗೆ ಹೊಡೆದುಕೊಡುತ್ತಿದ್ದೆವು. ಅತ್ತೆ ಅಂಥ ಕುರಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇವರು ಮಾತ್ರ ಅದರ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ ಕಳಿಸುತ್ತಿದ್ದರು. ರೋಗದ ವಿಷಯವನ್ನು ಮುಚ್ಚಿಡಲು ನಾನು ಹುಡುಕಿಕೊಂಡ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ ಅಂತ ನನಗೆ ಹೊಳೆದಿರಲಿಲ್ಲ.

"ನೀವೇನ ಕುರಿ ಅದೀರೇನ್ರಿ?" ಅಂತ ಕೂಗಿದೆ.

ನನ್ನ ದನಿ ಎಷ್ಟು ಜೋರಾಗಿತ್ತೋ, ಮದುವೆಯ ಹೆಂಗಸು ಸುಮ್ಮನಾಗಿ ನನ್ನ ಕಡೆ ತಿರುಗಿದಳು. ಆಚೆ ಬದಿಯಲ್ಲಿ ಯಾರೋ ನಕ್ಕರು. ಗಂಡಹೆಂಡಿರ ಜಗಳ ಅಂದುಕೊಂಡಿರಬೇಕು. ಬಹಳ ದಿನಗಳ ಮೇಲೆ ನನಗೆ ಸಿಟ್ಟು ಬಂದಿತ್ತು, ಕಿವಿ ಬಿಸಿಯಾಗಿತ್ತು. ಏನಾದರೂ ಬಂತಲ್ಲ ಅಂತ ಅನ್ನಿಸಿತು. ಅಷ್ಟರಲ್ಲಿ ಹೊತ್ತು ಮುಗಿದು ಸೀಟಿ ಊದಿದರು, ಇವರು ತಿರುಗಿ ಹೋದರು. ಹಳೆಯ ಗುಳಿಗೆ ಮತ್ತೆ ತೆಗೆದುಕೊಳ್ಳುತ್ತೇನೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ.

ಆಮೇಲೆ ಕಾಯುವುದು. ಕೈದಿಯನ್ನು ಹೊರಗೆ ತರಬೇಕಾದರೆ ಪೊಲೀಸರು ಜೊತೆಗೆ ಬರಬೇಕು, ಪೊಲೀಸರಿಗೆ ಊರ ತುಂಬ ಬಂದೋಬಸ್ತು. ನಾನು ಮ್ಯಾಡಮ್ಮನಿಗೆ ಫೋನು ಮಾಡುವೆ, ಬಂದಿಲ್ಲ ಅನ್ನುವರು, ಇಡುವೆ. ಮುಲಾಕತ್ತಿಗೆ ಹೋದರೆ ಇವರು ಮಳೆ ಆಯಿತೇನು, ಮೇವು ಹೇಗಿದೆ ಅಂತ ಕೇಳುವರು. ಔಷಧ ಅಂದ ಕೂಡಲೇ ಬೇರೆ ಮಾತು ಎತ್ತುವರು. ಒಂದು ಸಲ, "ಸಣ್ಣ ಟಗರು ಈಗ ಹೆಂಗದ?" ಅಂದರು. ಇದು ಯಾವ ಟಗರು, ಮಾತಿನ ಟಗರೋ ನಿಜವಾದ ಟಗರೋ ಅಂತ ನನಗೆ ತಿಳಿಯಲಿಲ್ಲ. ನಿಜವಾದದ್ದೇ ಆಗಿತ್ತು. ನಾನು ಮನೆಗೆ ಬರುವೆ, ನನ್ನ ಗುಳಿಗೆ ನುಂಗುವೆ, ಮಲಗುವೆ. ಅವರು ಸತ್ತರೆ ಏನು ಮಾಡಬೇಕು ಅನ್ನುವುದನ್ನು ಕೂಡ ತಣ್ಣಗೆ ಯೋಚಿಸಿದೆ. ಕಾರ್ಖಾನೆಯಲ್ಲಿ ರಜೆ ಕೇಳಬೇಕು, ಅತ್ತೆಯನ್ನು ಕರೆತರಬೇಕು. ಸೀರೆ ಯಾವುದು ಉಡಬೇಕು ಅಂತಲೂ ಯೋಚಿಸಿದೆ.

ಕೊನೆಗೆ ಒಂದು ಬೆಳಿಗ್ಗೆ ಮ್ಯಾಡಮ್ ಫೋನು ಮಾಡಿದರು. ಇವತ್ತು ಕರೆತರುತ್ತಾರಂತೆ, ಬನ್ನಿ, ನೀವಿದ್ದರೆ ಮಾತು ತಿಳಿಯುತ್ತದೆ ಅಂದರು. ಊಟವಾದ ಮೇಲೆ ತೆಗೆದುಕೊಳ್ಳುವ ಔಷಧ ಅಂತಲೂ ಹೇಳಿದರು. ನಾನು ಕೆಲಸಕ್ಕೆ ಹೋಗದೆ ಎರಡು ಭಕ್ಕರಿ ಬಡಿದು, ಶೇಂಗಾ ಚಟ್ನಿ ಇಟ್ಟು ಕಟ್ಟಿಕೊಂಡು ಹೋದೆ.

ಇವರು ಬೆಂಚಿನ ಮೇಲೆ ಇಬ್ಬರು ಪೊಲೀಸರ ನಡುವೆ ಕೂತಿದ್ದರು. ಜಾಳಿಗೆಯ ಚೌಕಗಳಿಲ್ಲದೆ ಆ ಮುಖ ನೋಡಿ ನನಗೆ ಬೇರೆ ಯಾರೋ ಅನ್ನಿಸಿತು. ಕೆನ್ನೆ ಒಳಗೆ ಹೋಗಿತ್ತು. ಮ್ಯಾಡಮ್ ಹೇಳಿಕೊಂಡದ್ದರಿಂದ ಪೊಲೀಸರು ಬುತ್ತಿ ಬಿಚ್ಚಲು ಬಿಟ್ಟರು. ಇವರು ಒಂದು ಭಕ್ಕರಿ ತಿಂದು, ಇನ್ನೊಂದನ್ನು ಪೊಲೀಸರ ಕಡೆ ಚಾಚಿದರು. ಅವರು ಬೇಡ ಅಂದರು. ಆಗ ನನ್ನ ಕಡೆ ತಿರುಗಿ, "ನೀ ಉಂಡೀ?" ಅಂದರು. ಇಲ್ಲ ಅಂದರೆ ಅದನ್ನು ನನಗೇ ಕೊಡುತ್ತಾರೆ ಅಂತ ಗೊತ್ತಿತ್ತು. ಉಂಡಿದ್ದೇನೆ ಅಂದೆ.

ಒಳಗೆ ಮ್ಯಾಡಮ್ಮನ ಕೋಣೆಯಲ್ಲಿ ನಾವಿಬ್ಬರು ಕುರ್ಚಿಯ ಮೇಲೆ ಕೂತೆವು. ಒಬ್ಬ ಪೊಲೀಸ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ, ಬೇಗ ಮುಗಿಸಿ ಅನ್ನುತ್ತಿದ್ದ. ಮ್ಯಾಡಮ್ ಮರಾಠಿಯಲ್ಲಿ ಹೇಳುವುದು, ನಾನು ಕನ್ನಡ ಮಾಡುವುದು. ಇದು ಎರಡನೆಯ ಔಷಧ. ಗುಳಿಗೆ ಹೆಚ್ಚು. ದಿನಾ ಉಂಡ ಮೇಲೆ ತೆಗೆದುಕೊಳ್ಳಬೇಕು, ಯಾರು ನೋಡಿದರೂ, ತಾರೀಖು ಇದ್ದರೂ. ಇದನ್ನೂ ಬಿಟ್ಟು ಬಿಟ್ಟು ತೆಗೆದುಕೊಂಡು ಕೆಡಿಸಿಕೊಂಡರೆ ಆಮೇಲೆ ಹೆಚ್ಚು ಔಷಧ ಉಳಿದಿಲ್ಲ, ಇರುವುದು ಇಲ್ಲಿ ಸಿಗುವುದೂ ಇಲ್ಲ. ಅದಕ್ಕೇ ದಿನಾ ತೆಗೆದುಕೊಳ್ಳುತ್ತೇನೆ ಅಂತ ಅವರೇ ತಮ್ಮ ಬಾಯಿಂದ ಹೇಳಬೇಕು. ಮನಸ್ಸಿಲ್ಲದಿದ್ದರೆ ಇವತ್ತು ಶುರು ಮಾಡುವುದು ಬೇಡ, ಇನ್ನೊಮ್ಮೆ ಕೂತು ಮಾತಾಡೋಣ. ಈ ಸಲ ಎಲ್ಲಿಯೂ ಪ್ರತಿಕಾರ ಅನ್ನುವ ಮಾತು ಬರದ ಹಾಗೆ ನಾನು ನೋಡಿಕೊಂಡೆ.

ಇವರು ನೆಲ ನೋಡುತ್ತಾ ಕೇಳಿದರು. ಆಮೇಲೆ, "ಇದು ಕೆಟ್ರ ಮುಂದ ಇಲ್ಲೇನು?" ಅಂದರು.

"ಭಾಳ ಇಲ್ಲಂತ್ರಿ."

"ನಿಂದು ಹೆಂಗದ?"

"ನಂದು ನಾಟಾಕತ್ತದ. ಸರಿ ಅದ."

ಅವರು ತಲೆ ಆಡಿಸಿದರು. ಲೆಕ್ಕ ಕೂಡಿತು ಅನ್ನುವವರ ಹಾಗೆ. "ಹಂಗಿದ್ರ ಇದನ್ನ ನಿನಗ ಎತ್ತಿ ಇಡಾಕ ಹೇಳು ಮ್ಯಾಡಮ್ಮಗ," ಅಂದರು. "ನಾಳಿ ನಿಂದು ನಾಟಲಿಲ್ಲಂದ್ರ ಬೇಕಾಗ್ತದ. ನನಗ ಹಾಕಿ ಹಾಳ ಮಾಡೂದ್ಯಾಕ?"

ದನಿಯಲ್ಲಿ ಬೇಸರ ಇರಲಿಲ್ಲ. ಅಳುವೂ ಇರಲಿಲ್ಲ. ಜಾಳಿಗೆಯ ಮುಂದೆ ಆ ಮಾತಾದ ದಿನದಿಂದ ಇದನ್ನೇ ಯೋಚಿಸಿ ಮುಗಿಸಿದ್ದರು. ಬಾಟಲಿಯಲ್ಲಿ ಔಷಧ ಕಡಿಮೆ ಇದ್ದರೆ ಬದುಕುವ ಕುರಿಗೆ ಇಡಬೇಕು. ಹುಟ್ಟಿದಾಗಿನಿಂದ ಅವರು ಮಾಡಿಕೊಂಡು ಬಂದ ಕೆಲಸ ಅದು. ನನಗೆ ಆಗ ಹೆದರಿಕೆಯಾಯಿತು. ಇವರು ಸಾಯುತ್ತಾರೆ ಅನ್ನುವ ಹೆದರಿಕೆ, ಸೀರೆಯವರೆಗೂ ಯೋಚಿಸಿದ್ದಾಗ ಬಾರದೇ ಇದ್ದದ್ದು, ಆ ಕುರ್ಚಿಯ ಮೇಲೆ ಬಂತು. ಬುತ್ತಿಯ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಕಾಯ ಮ್ಹಣತಾತ?" ಅಂದರು ಮ್ಯಾಡಮ್. ಏನನ್ನುತ್ತಾರೆ?

ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತು. ಹೇಳಿದ್ದರೆ, ಔಷಧ ಒಂದೇ ಬಾಟಲಿಯದಲ್ಲ, ನಿಮ್ಮದು ನಿಮಗೆ, ಅವರದು ಅವರಿಗೆ ಅಂತ ಮ್ಯಾಡಮ್ ತಿಳಿಹೇಳುತ್ತಿದ್ದರು. ಇವರು ಹೋ, ಹೋ ಅನ್ನುತ್ತಿದ್ದರು. ಬಾಗಿಲಲ್ಲಿದ್ದವನು ಹೊತ್ತಾಯಿತು ಅಂತ ಎಬ್ಬಿಸುತ್ತಿದ್ದ. ಮತ್ತೆ ಇನ್ನೊಂದು ದಿನ, ಮತ್ತೆ ಪೊಲೀಸರು ಸಿಗುವವರೆಗೆ. ಇವರ ಕೆನ್ನೆ ನೋಡಿದೆ.

"ಹೋ ಮ್ಹಣತಾತ," ಅಂದೆ. "ರೋಜ ಘೇತೀಲ." ಹೌದು ಅನ್ನುತ್ತಾರೆ, ದಿನಾ ತೆಗೆದುಕೊಳ್ಳುತ್ತಾರೆ.

ಮ್ಯಾಡಮ್ಮನ ಮುಖ ಅರಳಿತು. ಡಬ್ಬಿ ಒಡೆದು ಇವತ್ತಿನ ಗುಳಿಗೆಗಳನ್ನು ಇವರ ಅಂಗೈಗೆ ಹಾಕಿದರು. ಇವರು ಅಂಗೈ ಚಾಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಅಷ್ಟು ಮರಾಠಿಯನ್ನು ಜೇಲು ಅವರಿಗೆ ಕಲಿಸಿತ್ತು.

"ನಾ ಹಂಗ ಅಂದಿಲ್ಲ," ಅಂದರು.

"ಅಂದೀರಿ," ಅಂದೆ ನಾನು.

ಬಾಗಿಲ ಪೊಲೀಸ ಗಡಿಯಾರ ಬಿಟ್ಟು ನಮ್ಮ ಕಡೆ ನೋಡಿದ. ಅವನಿಗೂ ಕನ್ನಡ ಬರುತ್ತಿತ್ತು ಅಂತ ಆ ನೋಟದಲ್ಲಿ ಗೊತ್ತಾಯಿತು. ಅವನು ಮತ್ತೆ ಗಡಿಯಾರದ ಕಡೆ ತಿರುಗಿದ.

"ಆತಾ ಕಾಯ ಮ್ಹಣತಾತ?" ಅಂದರು ಮ್ಯಾಡಮ್. ಈಗ ಏನನ್ನುತ್ತಾರೆ?

"ಪಾಣೀ ಮಾಗತಾತ," ಅಂದೆ. ನೀರು ಕೇಳುತ್ತಾರೆ.

ಮ್ಯಾಡಮ್ ಎದ್ದು ಹೋಗಿ ನೀರು ತಂದು ಇವರ ಇನ್ನೊಂದು ಕೈಗೆ ಕೊಟ್ಟರು. ಇವರು ಗ್ಲಾಸು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನನ್ನ ಮುಖದಿಂದ ಕಣ್ಣು ತೆಗೆಯದೆ ಒಂದೊಂದಾಗಿ ನುಂಗಿದರು.